ತಾನಾಗಿ ಬಂದ ಮೊದಲ ಗಿರಾಕಿ

ಗಣಿತದ ಮೇಷ್ಟ್ರು ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಉಳುಕಿಸಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಅದರ ಫಲ ಅನುಭವಿಸಿದವನು ಮಾತ್ರ ಶಾಲೆಯ ಆಪ್ತಸಲಹೆಗಾರ. ಮೇಷ್ಟ್ರು ಹಾಸಿಗೆ ಹಿಡಿದಂದಿನಿಂದ ಆರನೇ ತರಗತಿಯ ಗಣಿತ ಅವನ ಕೊರಳಿಗೆ ಬಿದ್ದಿತ್ತು.

"ನೀವು ಹೆಂಗೂ ಖಾಲಿ ಕೂತಿರ್ತೀರಲ್ಲ" ಎಂಬುದು ಮುಖ್ಯೋಪಾಧ್ಯಾಯಿನಿಯ ವಾದ.

ಖಾಲಿಯಂತೆ, ಖಾಲಿ! ಅವನ ಕೋಣೆಯ ಗೋಡೆಗೆ ಇಡೀ ವರ್ಷದ ಯೋಜನೆ ಅಂಟಿಕೊಂಡಿತ್ತು. ಯಾವ ತಿಂಗಳು ಯಾವ ತರಗತಿಗೆ ಗುಂಪುಚರ್ಚೆ, ಯಾವ ವಾರ ಅಪ್ಪ ಅಮ್ಮಂದಿರ ಭೇಟಿ, ಒಂಟಿಯಾಗಿ ಮಾತಾಡಬಯಸುವ ಮಕ್ಕಳಿಗೆ ಯಾವ ಹೊತ್ತು ಎಂದು ಬಣ್ಣಬಣ್ಣದ ಕಾಗದ ಕತ್ತರಿಸಿ ರಜೆಯೆಲ್ಲ ಕೂತು ಮಾಡಿದ್ದ. ನಡೆಯುತ್ತಿದ್ದುದೇ ಬೇರೆ. ಮಕ್ಕಳನ್ನು ಬಸ್ಸು ಹತ್ತಿಸಲು ಅವನು, ಪರೀಕ್ಷೆ ಕಾಯಲು ಅವನು, ಕರೆಂಟು ಹೋದರೆ ಗಂಟೆ ಬಾರಿಸಲೂ ಅವನೇ. ಇಷ್ಟು ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಿದ್ದವನು ಈಗ ಲೆಕ್ಕಕ್ಕೂ ಸಿಕ್ಕಿಬಿದ್ದಿದ್ದ.

ಅವನ ಬಾಗಿಲಿಗೆ ಮಕ್ಕಳು ಬರುತ್ತಿರಲಿಲ್ಲವೆಂದಲ್ಲ. ಆದರೆ "ಗಲಾಟೆ ಮಾಡಿದ್ರೆ ಸಲಹೆ ಸಾರ್ ಹತ್ರ ಕಳಿಸ್ತೀನಿ" ಎಂದು ಟೀಚರುಗಳು ಹೆದರಿಸಿ ಅಟ್ಟಿದವರೇ ಎಲ್ಲರೂ. ಕೊನೆಗೆ ಮುಖ್ಯೋಪಾಧ್ಯಾಯಿನಿ ಗಡುವು ಕೊಟ್ಟಿದ್ದರು: "ಈ ತಿಂಗಳೊಳಗೆ ಒಂದೇ ಒಂದು ಮಗುವಾದ್ರೂ ತಾನಾಗಿ ಬಂದು ನಿಮ್ಮ ಬಾಗಿಲು ತಟ್ಟಲಿ. ಇಲ್ಲಾಂದ್ರೆ ರೂಮು ಡ್ರಿಲ್ ಮೇಷ್ಟ್ರಿಗೆ. ನೀವು ಪೂರ್ತಿ ಗಣಿತಕ್ಕೆ."

ಇವತ್ತು ತಿಂಗಳ ಕೊನೆಯ ದಿನ. ಆದರೂ ಅವನು ಹಕ್ಕಿಯಂತೆ ಹಗುರವಾಗಿದ್ದ. ಏಕೆಂದರೆ ನಿನ್ನೆ ಸಂಜೆ ಮೆಟ್ಟಿಲ ಹತ್ತಿರ ಎರಡು ಜಡೆಯ ಹುಡುಗಿಯೊಬ್ಬಳು ಅವನ ತೋಳು ಜಗ್ಗಿ, "ಸಾರ್, ನಾಳೆ ಊಟ ಆದ್ಮೇಲೆ ನಿಮ್ಮ ರೂಮಿಗೆ ಬರ್ಲಾ? ಒಂದು ವಿಷ್ಯ ಹೇಳ್ಬೇಕು" ಅಂದಿದ್ದಳು. ಆರನೇ ತರಗತಿಯವಳು. ಕೆಲವು ವಾರಗಳಿಂದ ದಿನಾ ಬೆಳಿಗ್ಗೆ ಹೊಟ್ಟೆನೋವೆಂದು ನರ್ಸಮ್ಮನ ಕೋಣೆಯಲ್ಲಿ ಮಲಗುತ್ತಿದ್ದಳು. ಡಾಕ್ಟರಿಗೆ ಹೊಟ್ಟೆಯಲ್ಲಿ ಏನೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮನ ಜಗಳವೇ ಇರಬೇಕೆಂದು ಸಲಹೆಗಾರ ತೀರ್ಮಾನಿಸಿದ್ದ.

"ನಮ್ಮನೆ ಬೆಕ್ಕು ಕೂಡ ನಿಮ್ಮ ಮಾತು ಕೇಳಲ್ಲ. ಆ ಮಗುವಿನ ಮಾತಾದ್ರೂ ನೀವು ಕೇಳಿ" ಎಂದು ಹೆಂಡತಿ ಬೆಳಿಗ್ಗೆ ಹರಸಿ ಕಳಿಸಿದ್ದಳು.

ಬಂದ ಕೂಡಲೇ ಆರನೇ ತರಗತಿ. ಕರಿಹಲಗೆಯ ಮೇಲೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದ. ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು.

"ಸಾರ್, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?"

ತರಗತಿ ಗೊಳ್ಳೆಂದಿತು. ಅದೇ ಹೊತ್ತಿಗೆ ಕಾಗದದ ರಾಕೆಟ್ಟೊಂದು ನೆಟ್ಟಗೆ ಅವನ ಕಿವಿಗೆ ಬಂತು. ಡಸ್ಟರನ್ನು ಮೇಜಿಗೆ ಕುಟ್ಟಿ ಅವನು ಗರ್ಜಿಸಿದ: "ಬಾಯ್ ಮುಚ್ಚಿ! ಉಸಿರೆತ್ತಿದ್ರೆ ಒಬ್ಬೊಬ್ಬರ ಚರ್ಮ ಸುಲೀತೀನಿ!"

ಪಕ್ಕದ ತರಗತಿಯೂ ಬಾಯಿ ಮುಚ್ಚಿತು. ಆ ಮೌನದಲ್ಲಿ ಆರಾಮಾಗಿ ಕೂತು, ಮಧ್ಯಾಹ್ನ ಬರುವ ಮಗುವಿನ ಜೊತೆ ಎಷ್ಟು ಮೆತ್ತಗೆ ಮಾತಾಡಬೇಕೆಂದು ಅವನು ಅಭ್ಯಾಸ ಮಾಡಿದ.

ಬೆಲ್ಲು ಹೊಡೆದು ಕೋಣೆಗೆ ಬಂದರೆ ಒಳಗೆ ಕಾಲಿಡಲು ಜಾಗವಿಲ್ಲ. ವಾಲಿಬಾಲ್ ನೆಟ್ಟು, ಕಂಬ, ಚಾಪೆ. ಮಕ್ಕಳಿಗೆಂದು ಹಾಕಿದ್ದ ಮೆತ್ತನೆಯ ಕುರ್ಚಿಯ ಮೇಲೆ ಚೆಂಡು ತುಂಬಿದ ದೊಡ್ಡ ಬಲೆಚೀಲ. ಡ್ರಿಲ್ ಮೇಷ್ಟ್ರು ಅವನ ವರ್ಷದ ಯೋಜನೆಯ ಮೇಲೇ ಮೊಳೆ ಹೊಡೆದು ವಿಶಲ್ಲು ನೇತುಹಾಕುತ್ತಿದ್ದರು.

"ಸಂಜೆವರೆಗೂ ಟೈಮಿದೆ ಸ್ವಾಮೀ!" ಎಂದು ಸಲಹೆಗಾರ ಕೂಗಿದ.

"ಸಂಜೆಗೆ ಬರೋದನ್ನ ಬೆಳಿಗ್ಗೇನೇ ತಂದೆ. ಅದಕ್ಕ್ಯಾಕೆ ಬಿಪಿ ಏರಿಸ್ಕೋತೀರಿ? ಯಾರಾದ್ರೂ ಒಳ್ಳೆ ಸಲಹೆಗಾರರ ಹತ್ರ ತೋರಿಸ್ಕೊಳ್ಳಿ" ಎಂದು ಮೇಷ್ಟ್ರು ನಕ್ಕು ಹೋದರು.

ಊಟದ ಹೊತ್ತಿನಲ್ಲಿ ಕೈ ತೊಳೆಯುವ ಸಾಲು ಕಾಯುವ ಕೆಲಸವೂ ಅವನದೇ. ಅದನ್ನು ಮುಗಿಸಿ, ತನ್ನ ಡಬ್ಬಿ ತೆರೆಯದೆ ಓಡಿಬಂದು ಚೀಲ ಎಳೆದ. ಚೀಲ ಹರಿಯಿತು. ಚೆಂಡುಗಳೆಲ್ಲ ಬಾಗಿಲು ದಾಟಿ, ಪುಟಿಯುತ್ತ ಮೆಟ್ಟಿಲಿಳಿದು, ಮೇಲೆ ಬರುತ್ತಿದ್ದ ಮುಖ್ಯೋಪಾಧ್ಯಾಯಿನಿಯ ಮೊಣಕಾಲಿಗೆ ಒಂದೊಂದಾಗಿ ನಮಸ್ಕರಿಸಿದವು.

"ಇದೇನಾ ನಿಮ್ಮ ಕಾರ್ಯಕ್ರಮ?" ಅವರು ಮೆಟ್ಟಿಲ ಕಂಬಿಗೆ ಜೋತುಬಿದ್ದು ಕೇಳಿದರು.

ಅಷ್ಟರಲ್ಲಿ ಅವರ ಹಿಂದಿನಿಂದ ಎರಡು ಜಡೆಗಳು ಇಣುಕಿದವು. "ಮಿಸ್, ದಾರಿ ಬಿಡ್ತೀರಾ? ನಾನು ಸಲಹೆ ಸಾರ್ ಹತ್ರ ಹೋಗ್ಬೇಕು."

"ಯಾರು ಕಳಿಸಿದ್ದು ನಿನ್ನ?"

"ಯಾರೂ ಕಳಿಸಿಲ್ಲ. ನಾನೇ ಬಂದೆ."

ಮುಖ್ಯೋಪಾಧ್ಯಾಯಿನಿ ಬೆಪ್ಪಾದರು. ಸಲಹೆಗಾರನಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಹುಡುಗಿಯನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಪುಟ್ಟಾ. ಮನೇಲಿ ಏನಾದ್ರೂ ಜಗಳಾನಾ?"

"ಇಲ್ಲ ಸಾರ್, ಮನೇಲೆಲ್ಲ ಚೆನ್ನಾಗಿದೆ." ಅವಳು ಜಡೆಯ ತುದಿ ತಿರುವಿದಳು. "ನಮ್ಮ ಗಣಿತಕ್ಕೆ ಹೊಸಬರು ಬರ್ತಾರಲ್ಲ, ಅವರು ತುಂಬಾ ಕೂಗ್ತಾರೆ. ಚರ್ಮ ಸುಲೀತೀನಿ ಅಂತಾರೆ. ಅವರ ಪೀರಿಯಡ್ ಬಂತು ಅಂದ್ರೆ ನಂಗೆ ಹೊಟ್ಟೆ ಹಿಂಡುತ್ತೆ."

ಹುಡುಗಿ ಅವನನ್ನೇ ನೋಡುತ್ತಿದ್ದಳು. ಆ ಹೊಸಬರು ಯಾರೆಂದು ಅವಳಿಗೇನು ಗೊತ್ತಿಲ್ಲವೇ!

"ಈ ರೂಮಲ್ಲಿ ನೀವು ಎಷ್ಟು ಒಳ್ಳೆಯವರು ಸಾರ್. ಆ ಸಾರ್‌ಗೆ ನೀವೇ ಸ್ವಲ್ಪ ಹೇಳ್ತೀರಾ? ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ."

ಅವನಿಗೆ ನಾಚಿಕೆಯಾಯಿತು, ಕಿವಿಯ ತುದಿಯವರೆಗೂ. "ಹೇಳ್ತೀನಿ ಕಂದಾ" ಎಂದ. "ಅವನು ಮನುಷ್ಯ ಕೆಟ್ಟವನಲ್ಲ. ಲೆಕ್ಕ ಬರಲ್ಲ, ಅದಕ್ಕೆ ಕೂಗ್ತಾನೆ. ಇನ್ಮೇಲೆ ಕೂಗಲ್ಲ. ನಿಮ್ಮ ಹಳೇ ಮೇಷ್ಟ್ರು ಇನ್ನೇನು ವಾಸಿಯಾಗಿ ಬಂದುಬಿಡ್ತಾರೆ, ಆಮೇಲೆ ಅವನು ಆ ಕಡೆ ತಲೇನೂ ಹಾಕಲ್ಲ, ನೋಡ್ತಿರು."

ಹುಡುಗಿಯ ಮುಖ ಅರಳಿತು. ಬಾಗಿಲೂ ತೆರೆಯಿತು. ಮುಖ್ಯೋಪಾಧ್ಯಾಯಿನಿ ನಗುನಗುತ್ತ ಒಳಬಂದರು.

"ಮಾತು ಅಂದ್ರೆ ಮಾತು. ರೂಮು ನಿಮ್ಮದೇ. ಏನಮ್ಮಾ, ಮನಸ್ಸು ಹಗುರಾಯ್ತಾ?"

"ಪೂರ್ತಿ ಹಗುರಾಯ್ತು ಮಿಸ್."

"ನೋಡಿದ್ರಾ! ಇಷ್ಟು ಬೇಗ ಮಕ್ಕಳ ಮನಸ್ಸು ಗೆಲ್ಲೋರು ನಮ್ಮಲ್ಲಿ ಬೇರೆ ಯಾರಿದಾರೆ?" ಅವರು ಸಲಹೆಗಾರನ ಕೈ ಕುಲುಕಿದರು. "ಗಣಿತದ ಮೇಷ್ಟ್ರು ಈಗಷ್ಟೇ ಫೋನ್ ಮಾಡಿದ್ರು. ಇನ್ನು ಈ ವರ್ಷ ಬರಲ್ವಂತೆ. ಯಾರಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ. ಆರನೇ ಕ್ಲಾಸು ವರ್ಷ ಪೂರ್ತಿ ನಿಮಗೇ. ದಿನಕ್ಕೆ ಎರಡು ಪೀರಿಯಡ್ಡು!"

ಹುಡುಗಿಯ ಕೈ ಮೆಲ್ಲಗೆ ಹೊಟ್ಟೆಯ ಕಡೆ ಹೋಯಿತು. ಸಲಹೆಗಾರನ ಕೈಯೂ.