ಸೊಲ್‌ಗೊಕ್ ಗ್ರಾಮದ ಪ್ರಭಾರ ವರ

ಇದನ್ನು ಮೊದಲು ಹೇಳಿದವಳು ಸೊಲ್‌ಗೊಕ್ ಪಾರಂಪರಿಕ ಗ್ರಾಮದ ಹೆಬ್ಬಾಗಿಲಿನ ಎದುರು ಕೊರಿಯಾದ ಸಾಂಪ್ರದಾಯಿಕ ಹನ್‌ಬೊಕ್ ಉಡುಪುಗಳನ್ನು ಬಾಡಿಗೆಗೆ ಕೊಡುವ ಒಕ್‌ಬುನ್ ಅಕ್ಕ. ಅವಳು ಸುಳ್ಳು ಹೇಳುವವಳಲ್ಲ. ಸೊಂಟದ ಅಳತೆ ಹೇಳುವಾಗ ಮಾತ್ರ ಸ್ವಲ್ಪ, ಅದೂ ಗಿರಾಕಿಯ ಮನಸ್ಸು ನೋಯದಿರಲಿ ಎಂದು.

ವಿವಾಹಗಳ ಸಂಖ್ಯೆಯಲ್ಲಿ ಮೊಗಾಮ್ ತಾಲ್ಲೂಕು ಇಡೀ ಪ್ರಾಂತ್ಯಕ್ಕೇ ಪ್ರಥಮ. ಮದುವೆಯ ವಯಸ್ಸಿನವರು ಅಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿಲ್ಲ ಎಂಬುದು ಈ ಸಾಧನೆಗೆ ಅಡ್ಡಿಯಾಗಿಲ್ಲ. ಪಾರಂಪರಿಕ ಗ್ರಾಮದಲ್ಲಿ ಪ್ರವಾಸಿಗರಿಗಾಗಿ ನಡೆಸುವ ವಿವಾಹ ಪ್ರದರ್ಶನವನ್ನು ವಿವಾಹವೆಂದೇ ಪರಿಗಣಿಸತಕ್ಕದ್ದು ಎಂದು ತಾಲ್ಲೂಕು ಕಚೇರಿ ಸುತ್ತೋಲೆ ಹೊರಡಿಸಿದೆ. ವಧು ಇರುತ್ತಾಳೆ, ವರ ಇರುತ್ತಾನೆ, ವರ ವಧುವಿನ ಮನೆಗೆ ಕಾಣಿಕೆ ಕೊಡುವ ಮರದ ಹೆಬ್ಬಾತು ಇರುತ್ತದೆ; ಸಾಕ್ಷಿಗಳಂತೂ ನಿಜವಾದ ಮದುವೆಗಿಂತ ಹೆಚ್ಚು, ಅದೂ ಕ್ಯಾಮೆರಾ ಸಮೇತ. ಇನ್ನೇನು ಬೇಕು ಎಂಬ ಸುತ್ತೋಲೆಯ ಪ್ರಶ್ನೆಗೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಇದೊಂದೂ ಗೊತ್ತಿಲ್ಲದೆ ತಾಕ್ ಯೊನ್‌ಜು ಒಂದು ಶನಿವಾರ ಬೆಳಿಗ್ಗೆ ಗ್ರಾಮದ ಮುಂದೆ ಬಸ್ಸಿಳಿದಳು. ಬುಸಾನ್‌ನ ಹುಡುಗಿ, ತಾಲ್ಲೂಕಿಗೆ ಹೊಸಬಳು. ಇಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಸೆಹುನ್ ಜೊತೆ ಅಕ್ಟೋಬರಿನಲ್ಲಿ ಅವಳ ಮದುವೆ. ಎಷ್ಟೋ ವರ್ಷ ಕಾದು, ಎರಡೂ ಮನೆಯವರನ್ನು ಒಪ್ಪಿಸಿ, ಹಾಲ್ ಗೊತ್ತು ಮಾಡಿ ಆಗಿತ್ತು. ಗಂಡನಾಗುವವನ ಸೀಮೆಯನ್ನು ಒಂದು ದಿನ ಸುಮ್ಮನೆ ಸುತ್ತಾಡಿ ನೋಡೋಣ ಎಂದು ಬಂದಿದ್ದಳು. ಸಂಜೆ ಕರೆದುಕೊಂಡು ಹೋಗುತ್ತೇನೆಂದು ಸೆಹುನ್ ಹೇಳಿದ್ದ.

"ಹನ್‌ಬೊಕ್ ಉಟ್ಕೊಂಡ್ರೆ ಒಳಗೆ ಟಿಕೆಟ್ ಇಲ್ಲಮ್ಮ," ಎಂದಳು ಒಕ್‌ಬುನ್ ಅಕ್ಕ. ಯೊನ್‌ಜು ಉಟ್ಟುಕೊಂಡಳು. ಹೆಬ್ಬಾಗಿಲು ದಾಟುವಷ್ಟರಲ್ಲಿ ಗ್ರಾಮದ ವ್ಯವಸ್ಥಾಪಕರಾದ ಶ್ರೀ ಬೊಂಗ್ ಓಡಿ ಬಂದರು.

"ಮೇಡಂ, ಸ್ವಲ್ಪ ವಧು ಆಗ್ತೀರಾ? ಎರಡು ಸಲ ಬಗ್ಗಿ ಎದ್ರೆ ಮುಗೀತು. ಫೋಟೋ ಉಚಿತ."

"ವರ ಯಾರು?"

"ನಮ್ಮ ಪ್ಯೊ ಅಜ್ಜ. ಅಂಗಳ ಗುಡಿಸ್ತಾರೆ. ತುಂಬ ಅನುಭವಸ್ಥರು."

ಯೊನ್‌ಜುಗೆ ನಗು ಬಂತು. ವಿಮೆಗೆಂದು ಗುರುತಿನ ಚೀಟಿ ಕೇಳಿದರು, ಕೊಟ್ಟಳು. ಕೆನ್ನೆಗೆ ಕೆಂಪು ಬೊಟ್ಟು ಇಟ್ಟರು, ಇಡಿಸಿಕೊಂಡಳು. ಎದುರಿಗೆ ನಿಂತ ಪ್ಯೊ ಅಜ್ಜ ಮೆಲ್ಲಗೆ, "ನಿಧಾನಕ್ಕೆ ಬಗ್ಗು ತಾಯಿ. ನೀನು ಬೇಗ ಎದ್ರೆ ನಾನೂ ಬೇಗ ಏಳ್ಬೇಕಾಗತ್ತೆ," ಎಂದರು. ಜನ ಚಪ್ಪಾಳೆ ತಟ್ಟಿದರು. ಫೋಟೋ ಜೊತೆ ಒಂದು ವಿವಾಹ ಪ್ರಮಾಣಪತ್ರವೂ ಕೈಗೆ ಬಂತು. ಮದುವೆ ಮುಗಿಯಿತು.

ಅಲ್ಲಿಯವರೆಗಿನ ವಧುಗಳೆಲ್ಲ ಫೋಟೋ ತೆಗೆದುಕೊಂಡು ಮನೆಗೆ ಹೋಗಿದ್ದರು. ಆದರೆ ಇಷ್ಟೊಂದು ಮದುವೆಗಳಾಗಿ ಮಕ್ಕಳೆಲ್ಲಿ ಎಂದು ಪ್ರಾಂತ್ಯ ಸರ್ಕಾರ ಆ ತಿಂಗಳು ವಿವರಣೆ ಕೇಳಿತ್ತು. ಗ್ರಾಮದಲ್ಲಿ ಬಾಣಂತಿಯ ಪಾತ್ರ ಮಾಡುತ್ತಿದ್ದ ಹೆಂಗಸು ನಿಜವಾಗಿಯೂ ಬಸುರಿಯಾದ್ದರಿಂದ, ಜನನ ಪ್ರಮಾಣ ಹೆಚ್ಚಳ ಅಭಿಯಾನದ ಗಾಂಭೀರ್ಯಕ್ಕೆ ಧಕ್ಕೆಯಾಗುತ್ತದೆಂದು ಅವಳನ್ನು ಕೆಲಸದಿಂದ ತೆಗೆಯಲಾಗಿತ್ತು. ಆ ಜಾಗ ಖಾಲಿ ಇತ್ತು.

ಊಟ ಮಾಡಿ ಹೋಗಿ ಎಂದು ಯೊನ್‌ಜುವನ್ನು ಒಂದು ಹುಲ್ಲುಮನೆಯೊಳಗೆ ಕೂರಿಸಿ, ಅಲ್ಲಿ ಬಾಣಂತಿಯರಿಗೆ ಕೊಡುವ ಕಡಲಪಾಚಿಯ ಬಿಸಿ ಸಾರು ಬಡಿಸಿ, ಕೈಗೊಂದು ಬಟ್ಟೆಯ ಗೊಂಬೆ ಕೊಟ್ಟರು. ಸಾರು ಮುಗಿಸಿ ಎದ್ದು ನೋಡಿದರೆ ಬಾಗಿಲಿಗೆ ಅಡ್ಡಲಾಗಿ ಹುಲ್ಲಿನ ಹಗ್ಗ. ಹಗ್ಗದ ತುಂಬ ಕೆಂಪು ಮೆಣಸಿನಕಾಯಿ. ಅಂದರೆ ಗಂಡು ಮಗು. ಅಂದರೆ ಮೂರು ವಾರ ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವಳು ಹೊರಗೆ ಹೋಗುವಂತಿಲ್ಲ.

"ರೀ, ನಂಗೆ ಅಕ್ಟೋಬರಲ್ಲಿ ಮದ್ವೆ ಇದೆ!"

"ಎರಡನೇದಾ?" ಎಂದರು ಬೊಂಗ್, ಸಂತೋಷದಿಂದ. "ತಾಲ್ಲೂಕಿಗೆ ನಿಮ್ಮಂಥೋರು ಬೇಕು ಮೇಡಂ. ಆದ್ರೆ ಮೊದಲನೇದು ಈಗಾಗ್ಲೇ ದಾಖಲಾಗಿದೆ."

ಯೊನ್‌ಜು ಕೂಗಾಡಿದಳು. ಹಗ್ಗದಾಚೆ ನಿಂತ ಪ್ರವಾಸಿಗರಲ್ಲಿ ಒಬ್ಬಾಕೆ ಪಕ್ಕದವಳಿಗೆ, "ಬಾಣಂತಿ ಸಿಡುಕು ಎಷ್ಟು ಸಹಜವಾಗಿ ಮಾಡ್ತಾಳೆ ನೋಡೇ," ಎಂದಳು.

ಯೊನ್‌ಜು ಫೋನು ಮಾಡಿದ ತಕ್ಷಣ ಸೆಹುನ್ ಕೈಗೆ ಮೆತ್ತಿದ ಗ್ರೀಸ್ ಸಮೇತ ಓಡಿ ಬಂದ. ಹಗ್ಗ ದಾಟಲು ಹೋದವನನ್ನು ತಡೆದು ಬೊಂಗ್, "ತಾವು ಬಾಣಂತಿಗೆ ಏನಾಗ್ಬೇಕು?" ಎಂದು ಕೇಳಿದರು.

"ಮದ್ವೆ ಆಗೋ ಗಂಡು!"

"ಆಕೆಗೆ ಗಂಡ ಇದಾರಲ್ಲ." ಬೊಂಗ್ ಅಂಗಳದ ಕಡೆ ಕೈ ತೋರಿಸಿದರು. ಪ್ಯೊ ಅಜ್ಜ ಪೊರಕೆ ಎತ್ತಿ ನಮಸ್ಕಾರ ಮಾಡಿದರು.

"ವಿಚ್ಛೇದನ ಕೊಡ್ಸಿ."

"ವಿಚ್ಛೇದನ ನಮ್ಮ ಪಾರಂಪರಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿಲ್ಲ."

"ಶವಯಾತ್ರೆ ಪ್ರದರ್ಶನ ಇದೆಯಲ್ಲ? ಅಜ್ಜ ಸತ್ರು ಅಂತ ತೋರ್ಸಿಬಿಡಿ."

"ನಾನು ತಯಾರಪ್ಪ," ಎಂದರು ಅಜ್ಜ. "ಒಂದ್ಸಲ ಆ ಮಲಗೋ ಕೆಲಸ ಕೊಡಿ ಅಂತ ನಾನೂ ಕೇಳ್ತಾನೇ ಇದೀನಿ."

ಬೊಂಗ್ ಆಗದೆಂದು ತಲೆಯಾಡಿಸಿದರು. "ಮರಣ ಪ್ರದರ್ಶನವನ್ನು ಪ್ರದರ್ಶನವೆಂದೇ ಪರಿಗಣಿಸತಕ್ಕದ್ದು. ಇಲ್ದಿದ್ರೆ ತಾಲ್ಲೂಕಿನ ಜನಸಂಖ್ಯೆ ಗತಿ ಏನ್ರೀ?"

ಸೆಹುನ್ ಹಗ್ಗದ ಕೆಳಗೆ ಕುಕ್ಕರಿಸಿದ. ಒಳಗೆ ಯೊನ್‌ಜು ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ವಿವಾಹ ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿದಳು. ಗಂಡನ ಹೆಸರಿನ ಎದುರು ಹೆಸರೇ ಇರಲಿಲ್ಲ. 'ವರ, ಸೊಲ್‌ಗೊಕ್ ಗ್ರಾಮ' ಎಂದಷ್ಟೇ ಇತ್ತು.

"ಬೊಂಗ್ ಅವರೇ," ಎಂದಳು. "ಅಜ್ಜ ನಿವೃತ್ತರಾದ್ರೆ?"

ಬೊಂಗ್ ಮುಖ ಅರಳಿತು. ಇಂಥ ಶಿಸ್ತಿನ ಪ್ರಶ್ನೆಯನ್ನು ಅವರಿಗೆ ಆವರೆಗೆ ಯಾರೂ ಕೇಳಿರಲಿಲ್ಲ. ವರ ಎಂಬುದು ವ್ಯಕ್ತಿಯಲ್ಲ, ಹುದ್ದೆ. ಹುದ್ದೆಯಲ್ಲಿರುವವರು ಬದಲಾದರೆ ಹುದ್ದೆಯ ಜವಾಬ್ದಾರಿಗಳು ತಾವಾಗಿಯೇ ಹೊಸಬರಿಗೆ ವರ್ಗವಾಗುತ್ತವೆ. ಪ್ಯೊ ಅಜ್ಜ ಸಂಜೆಯೊಳಗೆ ಟೋಪಿ, ಪಾದರಕ್ಷೆ ಮತ್ತು ಹೆಬ್ಬಾತನ್ನು ಹಸ್ತಾಂತರಿಸಿದರು. ಶ್ರೀ ಸೆಹುನ್ ಅವರನ್ನು ಮುಂದಿನ ಆದೇಶದವರೆಗೆ ಪ್ರಭಾರ ವರನನ್ನಾಗಿ ನೇಮಿಸಲಾಯಿತು. ಮಗುವಿನ ತಂದೆಯಾದ್ದರಿಂದ ಅವನು ಹಗ್ಗ ದಾಟಬಹುದಿತ್ತು. ದಾಟಿ, ಸ್ವಂತ ಜವಾಬ್ದಾರಿಯ ಮೇಲೆ ಬಾಣಂತಿಯನ್ನು ಬಿಡಿಸಿಕೊಂಡು ಹೊರಟ. ಹಿಂದಿನಿಂದ ಅಜ್ಜ, "ಬಗ್ಗುವಾಗ ಮೊಣಕಾಲು ಜೋಪಾನ ಕಣಪ್ಪ," ಎಂದು ಕೂಗಿ ಹೇಳಿದರು.

ಗೆದ್ದೆವು ಎಂದೇ ಯೊನ್‌ಜು ಅಂದುಕೊಂಡಿದ್ದಳು. ಮುಂದಿನ ವಾರ ಕಚೇರಿಯಿಂದ ಎರಡು ಪತ್ರ ಬಂದವು. ಒಂದೇ ದಂಪತಿಯ ವಿವಾಹವನ್ನು ಎರಡು ಬಾರಿ ಎಣಿಸುವುದು ಅಪ್ರಾಮಾಣಿಕತೆಯಾದ್ದರಿಂದ ಅಕ್ಟೋಬರ್ ಮದುವೆಯನ್ನು ರದ್ದುಪಡಿಸಲಾಗಿದೆ ಎಂದು ಒಂದು. ಈ ಹುದ್ದೆಯೊಂದಿಗೆ ಹಿಂದಿನಿಂದಲೂ ವಿವಾಹವಾಗಿರುವ ಎಲ್ಲ ಪತ್ನಿಯರೂ ಸೇವಾ ಹಿರಿತನದೊಂದಿಗೆ ಶ್ರೀ ಸೆಹುನ್ ಅವರಿಗೆ ವರ್ಗವಾಗಿದ್ದಾರೆ ಎಂದು ಇನ್ನೊಂದು. ಹೆಸರುಗಳ ಪುಟಗಳನ್ನು ಸ್ಟೇಪ್ಲರ್ ಹಿಡಿಯದೆ ದಾರದಲ್ಲಿ ಹೊಲಿದಿದ್ದರು. ಕೊನೆಯ ಪುಟದ ಕೊನೆಯ ಸಾಲು ಯೊನ್‌ಜು.

ಸೆಹುನ್‌ನ ಅಮ್ಮ ಪಟ್ಟಿ ನೋಡಿ ಒಂದು ಹಗಲು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನ ಎದ್ದು, ಕನ್ನಡಕ ಏರಿಸಿ, ಪುಟ ತಿರುಗಿಸುತ್ತಾ ಕೇಳಿದರು:

"ಇವ್ರಲ್ಲಿ ಹತ್ತಿರದ ಊರಿನೋರು ಎಷ್ಟು ಜನ ಇರಬಹುದೇ?"

"ಯಾಕತ್ತೆ?"

"ಕೋಸಿಗೆ ಉಪ್ಪು ಖಾರ ಹಚ್ಚಿ ಚಳಿಗಾಲದ ಕಿಮ್ಚಿ ಹಾಕ್ಬೇಕಲ್ಲ. ಪ್ರತಿ ವರ್ಷ ನಾನೊಬ್ಳೇ ಸಾಯ್ತೀನಿ. ಮನೆ ತುಂಬ ಸೊಸೆಯರನ್ನ ಇಟ್ಕೊಂಡು ಒಬ್ಳೇ ಯಾಕೆ ಸಾಯ್ಲಿ?"

ಅವರು ಪತ್ರ ಬರೆದರು. ಅನೇಕರು ಬಂದರು. ಬಂದವರ ಗಂಡಂದಿರು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಸೆಹುನ್‌ನನ್ನೇ ದಾರಿ ಕೇಳಿದರು. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ; ಮನೆಗೆ ಕೊಂಡೊಯ್ಯಲು ಒಂದೊಂದು ಡಬ್ಬಿ ಕಿಮ್ಚಿ ಸಿಗುತ್ತಿತ್ತು. ಹಿರಿಯ ಸೊಸೆಯರು ನೆರಳಲ್ಲಿ ಕೂತು ಖಾರ ಕಲಸಿ ರುಚಿ ನೋಡಿದರು. ಸೇವೆಯಲ್ಲಿ ಎಲ್ಲರಿಗಿಂತ ಕಿರಿಯಳಾದ ಯೊನ್‌ಜುಗೆ ತಣ್ಣೀರಲ್ಲಿ ಕೋಸಿನ ಮಣ್ಣು ತೊಳೆಯುವ ಕೆಲಸ ಬಂತು. ಮೊದಲು ಅಳು ಬಂತಂತೆ. ಆಮೇಲೆ ಸೆಹುನ್ ಮುಂದಿನ ಶನಿವಾರ ಮತ್ತೆರಡು ಮದುವೆ ಆಗಬೇಕಿರುವುದು ನೆನಪಾಗಿ ಸಮಾಧಾನವಾಯಿತಂತೆ. ಬರುವ ವರ್ಷದ ಹೊತ್ತಿಗೆ ಅವಳಿಗಿಂತ ಕಿರಿಯರು ಬೇಕಾದಷ್ಟಿರುತ್ತಾರೆ. ಈಗ ಶನಿವಾರ ಬೆಳಿಗ್ಗೆ ಅವಳೇ ವರನ ಟೋಪಿಯ ಧೂಳು ಒರೆಸಿ, "ಚೆನ್ನಾಗಿರೋರನ್ನ ನೋಡ್ಬೇಡ, ಗಟ್ಟಿಯಾಗಿರೋರನ್ನ ನೋಡು," ಎಂದು ಹೇಳಿ ಕಳಿಸುತ್ತಾಳೆ.

ಅತ್ತೆಯವರ ಪತ್ರಗಳಲ್ಲಿ ಕೆಲವು ವಿಳಾಸ ಸಿಗದೆ ವಾಪಸಾಗಿವೆ. ಆದುದರಿಂದ ಇದನ್ನು ಕೇಳಿದವರು, ಸೊಲ್‌ಗೊಕ್‌ನಲ್ಲಿ ವರನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಹೆಂಗಸರು ತಮಗೆ ಪರಿಚಯವಿದ್ದಲ್ಲಿ, ದಯವಿಟ್ಟು ಅವರಿಗೆ ತಿಳಿಸತಕ್ಕದ್ದು: ಮುಂದಿನ ಕಿಮ್ಚಿ ನವೆಂಬರ್ ಮೂರನೇ ಶನಿವಾರ, ಬೆಳಿಗ್ಗೆ ಬೇಗ. ರಬ್ಬರ್ ಕೈಗವಸು ಅವರವರೇ ತರಬೇಕು.