ತಡೆಯಾಜ್ಞೆ ಬಸ್ಸಿನಲ್ಲಿತ್ತು

ಕೂತಲ್ಲೇ ಕನಸು ಕಾಣುವವರು ಕೋರ್ಟಿನ ಮೆಟ್ಟಿಲು ಹತ್ತಬಾರದು. ಹಾಗೆಂದು ಕಾನೂನೇನೂ ಇಲ್ಲ. ಇದ್ದಿದ್ದರೆ ನನಗೇ ಒಳ್ಳೆಯದಿತ್ತು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮಗ್ಗದ ಒಡತಿ ನನ್ನ ಹೆಂಡತಿ ಪದ್ಮಾವತಿ. ನಾನು ನೂಲು ಸುತ್ತಿಕೊಡುವವನು. ಅದನ್ನೂ ಅರ್ಧಕ್ಕೆ ಬಿಟ್ಟು, ಕಿಟಕಿಯ ಬಿಸಿಲು ರೇಷ್ಮೆಯ ಎಳೆಗಳ ಮೇಲೆ ನೀರಿನಂತೆ ಜಾರುವುದನ್ನು ನೋಡುತ್ತ ಕೂರುವವನು. ನೋಡುವುದೂ ಒಂದು ಕೆಲಸವೆಂದು ವಾದಿಸಿದ್ದುಂಟು. ಮನೆಯಲ್ಲಿ ಆ ವಾದ ಗೆದ್ದಿಲ್ಲ.

ಆ ಕಿಟಕಿಗೇ ಕುತ್ತು ಬಂತು. ಪಕ್ಕದ ಮನೆಯ ಓಬಣ್ಣ ಪರವಾನಗಿಯಿಲ್ಲದೆ, ಎರಡು ಮನೆಗಳ ನಡುವೆ ಬಿಡಬೇಕಾದ ಜಾಗದಲ್ಲಿ ಕೋಣೆಯೊಂದನ್ನು ಎಬ್ಬಿಸತೊಡಗಿದ. ಗೋಡೆ ಕಿಟಕಿಯ ಮಟ್ಟ ದಾಟಿದ ದಿನ ಪದ್ಮಾವತಿ ಲಾಳಿ ನಿಲ್ಲಿಸಿದಳು. "ರೀ, ಯಾವ ಎಳೆ ಕೆಂಪು, ಯಾವ್ದು ಕಂದು ಅಂತ ಕಾಣ್ತಿಲ್ಲ. ಮೇಲೆ ತಾರಸಿ ಮೋಲ್ಡ್ ಬಿದ್ರೆ ಮಗ್ಗ ಎತ್ತಿಡೋದೇಯಾ." ಪಟ್ಟಣ ಪಂಚಾಯಿತಿಯವರು ನೋಟಿಸು ಕೊಟ್ಟರು. ಓಬಣ್ಣ ಅದನ್ನು ಮಡಿಸಿ ಜೇಬಿಗಿಟ್ಟು, "ಮಗಳು ಮಕ್ಕಳ್ನ ಕರ್ಕಂಡು ಬರ್ತಾಳೆ, ಎಲ್ಲಿ ಮಲಗಿಸ್ಲಿ ಹೇಳು?" ಎಂದು ನನ್ನನ್ನೇ ಕೇಳಿದ. ಅವನ ಮಾತು ಸರಿಯೆನಿಸಿತು. ಹೆಂಡತಿಯ ಮಾತೂ ಸರಿಯೆನಿಸಿತು. ಹೀಗೆ ಎರಡೂ ಸರಿಯೆನಿಸುತ್ತ ಎಂಟು ದಿನ ಕಳೆದವು.

"ಎಂಟು ದಿನ ಏನ್ ಮಾಡ್ತಿದ್ರಿ?" ಎಂದರು ಕೊನೆಗೆ ನಾನು ಹೋಗಿ ಕಂಡ ವಕೀಲರು.

"ಯೋಚಿಸ್ತಿದ್ದೆ."

"ಅರ್ಜಿಯಲ್ಲಿ ಹಾಗೆ ಬರೆಯೋಕಾಗಲ್ಲ. ತಡ ಮಾಡಿದವರಿಗೆ ತಡೆಯಾಜ್ಞೆ ಸಿಗೋದು ಕಷ್ಟ."

ನಮ್ಮೂರ ನ್ಯಾಯಾಧೀಶರು ರಜೆಯಲ್ಲಿದ್ದುದರಿಂದ ತುರ್ತು ಅರ್ಜಿಗಳು ಚಳ್ಳಕೆರೆಗೆ ಹೋಗುತ್ತಿದ್ದವು. ಮುಂದಿನ ವಿಚಾರಣೆಯವರೆಗೆ ಕಟ್ಟಡ ಮುಂದುವರಿಸಬಾರದು ಎಂಬ ಆದೇಶ ಹೇಗೋ ಸಿಕ್ಕಿತು. ಮಧ್ಯಾಹ್ನ ಅದರ ನಕಲು ಕೈಗೆ ಬರುವುದಕ್ಕೂ ಪದ್ಮಾವತಿ ಫೋನು ಮಾಡುವುದಕ್ಕೂ ಸರಿಹೋಯಿತು. "ಕಾಂಕ್ರೀಟ್ ಮಿಷನ್ ಬಂದೈತೆ. ಇವತ್ತೇ ಮೋಲ್ಡ್ ಹಾಕ್ತಾರಂತೆ, ಬೇಗ ಬನ್ರಿ!"

ಬಳ್ಳಾರಿ ಬಸ್ಸು ಹತ್ತಿದೆ. ನಮ್ಮೂರಿನ ಕ್ರಾಸಿನಲ್ಲಿ ಇಳಿಯಬೇಕು, ಅಷ್ಟೇ. ಆದೇಶವನ್ನು ಎದೆಗೊತ್ತಿಕೊಂಡು ಕೂತೆ. ಹೊರಗೆ ಶೇಂಗಾ ಹೊಲಗಳು, ಕುರಿಮಂದೆ, ಮೇಲೆ ಅಷ್ಟೇ ನಿಧಾನವಾಗಿ ಸಾಗುವ ಮೋಡಗಳು. ಕುರಿ ಯಾವುದು, ಮೋಡ ಯಾವುದು ಎಂಬ ವ್ಯತ್ಯಾಸ ಮೆಲ್ಲಗೆ ಅಳಿಸಿಹೋಯಿತು. 'ಪ್ರತಿವಾದಿಯಾಗಲಿ, ಆತನ ಪರವಾಗಿ ಯಾರೇ ಆಗಲಿ...' ಎಂಬ ಸಾಲು ಜೋಗುಳವಾಯಿತು. ಕನಸಿನಲ್ಲಿ ಆ ಕಾಗದ ಸೀರೆಯುದ್ದಕ್ಕೆ ಬಿಚ್ಚಿಕೊಂಡು, ಹಾರಿ ಓಬಣ್ಣನ ಗೋಡೆಯ ಮೇಲೆ ಕೂತಿತು. ಅದರೊಳಗಿಂದ ಬಿಸಿಲು ಸೋಸಿಕೊಂಡು ನಮ್ಮ ಮಗ್ಗದ ಮೇಲೆ ಬಿತ್ತು.

"ರಾಂಪುರ, ರಾಂಪುರ!" ಎಂದು ಕಂಡಕ್ಟರ್ ಕೂಗಿದ. ಕ್ರಾಸು ಎಂದೋ ಹಿಂದೆ ಸರಿದಿತ್ತು. ಅಷ್ಟರಲ್ಲಿ ಮತ್ತೆ ಫೋನು: "ಎಲ್ಲಿದೀರಿ?"

"ಬಸ್ಸಲ್ಲಿದೀನಿ" ಎಂದೆ. ಸುಳ್ಳಲ್ಲ, ಇನ್ನೂ ಇಳಿದಿರಲಿಲ್ಲ.

ಇನ್ನೊಂದು ಬಸ್ಸು, ಆಮೇಲೊಂದು ಆಟೋ ಹಿಡಿದು ಊರು ಸೇರಿದಾಗ ಮಿಷನ್ನು ಸುಮ್ಮನಿತ್ತು. ಮೋಲ್ಡಿಗೆಂದು ಹಾಸಿದ ತಗಡುಗಳ ನಟ್ಟನಡುವೆ ಪದ್ಮಾವತಿ ತಲೆಗೆ ಸೆರಗು ಹೊದ್ದು, ನಾನು ಬಿಟ್ಟುಹೋದ ನೂಲು ಸುತ್ತುತ್ತ ಕೂತಿದ್ದಳು. "ಆರ್ಡರ್ ಬಸ್ಸಲ್ಲೈತೆ. ಬರೋವರೆಗೂ ಇಳಿಯಲ್ಲ. ಹಾಕೋದಾದ್ರೆ ನನ್ ಮ್ಯಾಲೇ ಹಾಕ್ರಿ" ಎಂದಿದ್ದಳಂತೆ. ನಾನು ಕಾಗದ ಚಾಚಿದೆ. ಓಬಣ್ಣ ಅದನ್ನು ನೋಡಲೂ ಇಲ್ಲ. "ಎರಡು ತಾಸಾತು, ಅಕ್ಕ ಬಿಸಿಲಾಗೆ ಕುಂತೈತೆ. ಮೊದ್ಲು ಇಳಿಸ್ಕಳಪ್ಪ" ಎಂದ. ಅವಳು ಇಳಿದವಳೇ ಅವನನ್ನು ನಮ್ಮ ಮನೆಯೊಳಕ್ಕೆ ಕರೆದೊಯ್ದು ಕತ್ತಲು ಕವಿದ ಮಗ್ಗದ ಮುಂದೆ ಕೂರಿಸಿ, "ಈಗ ನೀನೇ ನೇಯಿ" ಎಂದಳು. ಅವನೂ ನೇಕಾರನೇ. ಎಳೆಯೊಂದನ್ನು ಬೆರಳಲ್ಲಿ ಹಿಡಿದು, ಬಣ್ಣ ತಿಳಿಯದೆ ಬಾಗಿಲ ಬೆಳಕಿನತ್ತ ಬಾಗಿ ನೋಡಿದ.

ಗೋಡೆಯನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿ, ಪರವಾನಗಿ ಪಡೆದೇ ಕಟ್ಟುತ್ತೇನೆಂದು ಅವನು ಬರೆದುಕೊಟ್ಟ. ರಾಜಿ ಪತ್ರ ಓದಿದ ನ್ಯಾಯಾಧೀಶರು ಕುತೂಹಲದಿಂದ ಕೇಳಿದರು: "ನಿಮ್ಮ ಹೆಂಡತಿ ತಗಡಿನ ಮೇಲೆ ಕೂತು ಮೋಲ್ಡ್ ಕೆಲಸ ನಿಲ್ಲಿಸಿದಾಗ ನೀವೆಲ್ಲಿದ್ದಿರಿ?"

"ರಾಂಪುರದಲ್ಲಿ, ಸ್ವಾಮಿ."

"ಅಲ್ಲೇನು ಕೆಲಸ?"

ನಮ್ಮ ವಕೀಲರು ನೆಲ ನೋಡತೊಡಗಿದರು. ನ್ಯಾಯಾಲಯದಲ್ಲಿ ಸುಳ್ಳು ಹೇಳುವಂತಿಲ್ಲ. "ಕನಸು ಬಿದ್ದಿತ್ತು" ಎಂದೆ.

"ಅದು ನಿಜ ಸ್ವಾಮಿ" ಎಂದಳು ಪದ್ಮಾವತಿ, ಹಿಂದಿನ ಬೆಂಚಿನಿಂದ. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನ್ನ ಮಾತನ್ನು ನಾಲ್ಕು ಜನರೆದುರು ಒಪ್ಪಿಕೊಂಡದ್ದು ಅದೇ ಮೊದಲು.