ಸಾಹುಕಾರರನ್ನು ಕೂರಿಸಿ ಕಪ್ ಗೆದ್ದದ್ದು

ಚೆಂಡು ದುಂಡಗಿರುವ ತನಕ ಫುಟ್‌ಬಾಲಿನಲ್ಲಿ ಏನಾದರೂ ಆಗುತ್ತಲೇ ಇರುತ್ತದೆ. ತಂಡಕ್ಕೊಬ್ಬ ಮಾಲೀಕರೂ ಇದ್ದರೆ ದಿನಕ್ಕೆರಡು ಆಗುತ್ತವೆ.

ನಾನು ಇಂಡಿ ಊರಿನ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಸಂಜೆ ಊರಿನ ತಂಡಕ್ಕೆ ಕೋಚ್. ಮಾಲೀಕರು ನಿಂಬೆ ವ್ಯಾಪಾರದ ಸಾಹುಕಾರರು. ಅಂಗಿ, ಬೂಟು, ಆಡುವ ಬಯಲು ಎಲ್ಲ ಅವರದೇ. ಬುದ್ಧಿಯೂ ತಮ್ಮದೇ ನಡೆಯಬೇಕೆಂಬ ಹಟ. ಈ ಸಲ ಊರೂರು ತಿರುಗಿ ಆಡುವ ಲೀಗ್ ಟೂರ್ನಿಗೆ ಮುಂಚೆಯೇ ಗುಡುಗಿದರು: "ಮಾಸ್ತರ, ಕಪ್ ಬರಲಿಲ್ಲಂದ್ರ ಟೀಮ್ ಬಂದ್. ಆ ಬಯಲಿನಾಗ ಗೋದಾಮು ಕಟ್ಟತೇನಿ."

ಆ ಹುಡುಗರಿಗೆ ಆಡಲು ಬೇರೆ ಜಾಗವೇ ಇಲ್ಲ.

ಅಳಿಯಾರು

ಸಾಹುಕಾರರು ಮೊದಲು ಮಾಡಿದ್ದು ತಮ್ಮ ಅಳಿಯನನ್ನು ಕ್ಯಾಪ್ಟನ್ ಮಾಡಿದ್ದು. ಅಳಿಯನ ಕಾಲಿಂದ ಚೆಂಡು ಕಸಿಯುವುದುಂಟೇ? ಪ್ರ್ಯಾಕ್ಟೀಸಿನಲ್ಲಿ ಹುಡುಗರು "ಬರ್ರಿ ಅಳಿಯಾರ" ಎಂದು ದಾರಿ ಬಿಡುತ್ತಿದ್ದರು. ಗೋಲ್‌ಕೀಪರ್ ಅಂತೂ ಚೆಂಡು ಬರುವ ಮೊದಲೇ ಆಚೆ ಬದಿಗೆ ಬಿದ್ದು ಮರ್ಯಾದೆ ಕೊಡುತ್ತಿದ್ದ. ದಿನಕ್ಕೆ ಇಪ್ಪತ್ತು ಗೋಲು ಹೊಡೆದ ಅಳಿಯಾರು ಸಿಂದಗಿಯ ಮೊದಲ ಪಂದ್ಯಕ್ಕೆ ಎದೆಯುಬ್ಬಿಸಿ ಬಂದರು.

ಅಲ್ಲಿಯವರಿಗೆ ಸಂಬಂಧ ಗೊತ್ತಿಲ್ಲವಲ್ಲ. ಎರಡನೇ ನಿಮಿಷಕ್ಕೇ ಚೆಂಡು ಕಸಿದರು, ಅಳಿಯಾರು ಅಂಗಾತ ಬಿದ್ದರು. ಸಾಹುಕಾರರು ಧೋತರ ಎತ್ತಿಕೊಂಡು ಒಳಗೆ ನುಗ್ಗಿದರು. "ಏ ರೆಫ್ರಿ! ಅವರು ನಮ್ಮ ಅಳಿಯಾರ ಅದಾರ!"

ರೆಫ್ರಿ ತಣ್ಣಗೆ ಹೇಳಿದ: "ಚೆಂಡಿಗೆ ಬೀಗತನ ಗೊತ್ತಿಲ್ರಿ. ಹೊರಗ ನಡೀರಿ."

ಆ ಪಂದ್ಯ ಸೋತೆವು.

ಚೀಲದ ಲೆಕ್ಕ

ಬಸವನ ಬಾಗೇವಾಡಿಯ ಪಂದ್ಯಕ್ಕೆ ಸಾಹುಕಾರರು ಹುಡುಗರನ್ನು ಸಾಲಾಗಿ ನಿಲ್ಲಿಸಿ ನಿಂಬೆಕಾಯಿ ಆರಿಸಿದ ಹಾಗೆ ಆರಿಸಿದರು. ದಪ್ಪನೆಯವರೆಲ್ಲ ಮುಂದೆ, ಸಣ್ಣವರು ಹಿಂದೆ, ಎಲ್ಲರಿಗಿಂತ ಗಿಡ್ಡನಾದವನು ಗೋಲಿನಲ್ಲಿ. ಆ ಗಿಡ್ಡ ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ.

"ಹಿಂಗ್ಯಾಕ್ರಿ ಸಾಹುಕಾರ್ರ?" ಎಂದೆ.

"ಮಾಸ್ತರ, ದಪ್ಪ ಕಾಯಿ ಮ್ಯಾಲ ಇಟ್ರನ ಚೀಲ ಮಾರಾಟ ಆಗತೈತಿ."

ಐದು ಗೋಲು ಗಿಡ್ಡನ ತಲೆಯ ಮೇಲಿಂದಲೇ ಹೋದವು. "ಏನಾತೋ ಮಾಸ್ತರ?" ಎಂದು ಅವರು ಹಣೆ ಒರೆಸಿಕೊಂಡರು.

"ಏನಿಲ್ರಿ. ಬಾಗೇವಾಡಿಯವರು ಚೀಲಾ ತಳದಿಂದ ಬಿಚ್ಚಿದ್ರು."

ಶಿಕ್ಕಾ

ನಮ್ಮ ತಂಡಕ್ಕೊಂದು ಆಫೀಸೂ ಇತ್ತು. ಸಾಹುಕಾರರ ತಮ್ಮ ಅದರ ಮ್ಯಾನೇಜರ್. ಅವರು ಮೊಹರು ಒತ್ತಿದ ಕಾಗದವಿಲ್ಲದೆ ಆಟಗಾರನನ್ನು ಬದಲಿಸುವಂತಿಲ್ಲ. ಮನಗೂಳಿಯ ಪಂದ್ಯದಲ್ಲಿ ನಮ್ಮವನೊಬ್ಬನ ಕಾಲು ಉಳುಕಿತು. ಇಂಡಿಯಲ್ಲಿದ್ದ ಮ್ಯಾನೇಜರಿಗೆ ಫೋನ್ ಹಚ್ಚಿದೆ.

"ಅರ್ಜಿ ಕೊಡ್ರಿ. ಅಣ್ಣಾರ ಸಹಿ ಆಗಬೇಕು."

"ಅಣ್ಣಾರು ನನ್ನ ಬಾಜೂಕ್ಕನ ನಿಂತಾರ್ರೀ!"

"ಅಣ್ಣಾರು ಅಲ್ಲಿರಬಹುದು. ಶಿಕ್ಕಾ ಇಲ್ಲೈತಿ."

ಹುಡುಗ ಕುಂಟುತ್ತಲೇ ಆಡಿದ, ಪಂದ್ಯ ಹೇಗೋ ಸಮವಾಯಿತು. ಮಂಜೂರಾತಿ ಮರುದಿನ ಹನ್ನೊಂದಕ್ಕೆ ಬಂತು, ಎರಡು ಶಿಕ್ಕಾ ಹೊಡೆದು.

ಫೈನಲ್

ಅಷ್ಟರಲ್ಲಿ ನಿಂಬೆಯ ಸುಗ್ಗಿ ಬಂತು. ಅಣ್ಣ, ತಮ್ಮ, ಅಳಿಯ ಮೂವರಿಗೂ ಅಂಗಡಿ ಬಿಟ್ಟು ಏಳಲು ಆಗಲಿಲ್ಲ. ನಾವು ಸಾಲಾಗಿ ನಾಲ್ಕು ಪಂದ್ಯ ಗೆದ್ದು ಮುದ್ದೇಬಿಹಾಳದ ಫೈನಲ್ ಮುಟ್ಟಿದೆವು! ಸುದ್ದಿ ಕೇಳಿ ಸಾಹುಕಾರರು ಖುಷಿಯಿಂದ ಫೋನ್ ಮಾಡಿದರು: "ಫೈನಲ್ಲಿಗೆ ನಾನ ಬರ್ತೇನಿ. ಟೀಮ್ ನಾನ ಆರಸ್ತೇನಿ."

ಟೂರ್ನಿ ನಡೆಸುವವರು ನನ್ನ ಹಳೆಯ ಗೆಳೆಯರು. ಓಡಿಹೋಗಿ ಕೈ ಮುಗಿದೆ: "ನಮ್ಮ ಸಾಹುಕಾರರನ್ನ ಸ್ಟೇಜಿನ ಮ್ಯಾಲ ಕುಂಡ್ರಸಿ ಸತ್ಕಾರ ಮಾಡ್ರಿ. ನಿಧಾನಕ್ಕ ಮಾಡ್ರಿ."

ಸಾಹುಕಾರರು ಬಸ್ಸಿಳಿದದ್ದೇ ತಡ, ಟೂರ್ನಿಯವರು ಕೈ ಹಿಡಿದು ಸ್ಟೇಜಿಗೆ ಕರೆದೊಯ್ದರು. ಪೇಟಾ ಸುತ್ತಿದರು, ಶಾಲು ಹೊದಿಸಿದರು, ಮಡಿಲಿಗೆ ತೆಂಗಿನಕಾಯಿ ಇಟ್ಟರು. ಅವರು ಏಳಲು ಹೋದಾಗಲೆಲ್ಲ ಮೈಕಿನಲ್ಲಿ ಕೂಗು: "ಈಗ ವ್ಯಾಪಾರಸ್ಥರ ಪರವಾಗಿ ಇನ್ನೊಂದು ಹಾರ!" ಸತ್ಕಾರ ಬಿಟ್ಟು ಏಳುವುದು ಹೇಗೆ?

ಕೆಳಗೆ ಎದುರು ತಂಡದ ಮಾಲೀಕರು ಗೆರೆಯುದ್ದಕ್ಕೂ ಓಡುತ್ತ, ಆಟದ ನಡುವೆಯೇ ಗೋಲ್‌ಕೀಪರನನ್ನು ಎರಡು ಸಲ ಬದಲಿಸಿದರು. ಕೊನೆಯ ನಿಮಿಷದಲ್ಲಿ, ನಾನು ಮುಂದೆ ನಿಲ್ಲಿಸಿದ್ದ ನಮ್ಮ ಗಿಡ್ಡ ಮೂವರ ನಡುವೆ ತೂರಿ ಗೋಲು ಹೊಡೆದ. ಗೆದ್ದೆವು! ಹುಡುಗರು ನನ್ನನ್ನು ಎತ್ತಿಕೊಂಡು ಕುಣಿದರು. ನಾನು ನಾಚಿಕೆಯಿಲ್ಲದೆ ಅತ್ತೆ.

ಸಾಹುಕಾರರು ಮೂಗಿನ ತನಕ ಹಾರ ಹೊತ್ತು ಇಳಿದು ಬಂದು, ಕಪ್ಪನ್ನು ಅಪ್ಪಿಕೊಂಡು, "ಗೋದಾಮು ಬ್ಯಾರೆ ಕಡೆ ಕಟ್ಟೂಣು ಮಾಸ್ತರ" ಎಂದರು. ಆಮೇಲೆ ಜೋಲು ಮೋರೆ ಹಾಕಿ ನಿಂತಿದ್ದ ಎದುರು ಮಾಲೀಕರ ಹೆಗಲ ಮೇಲೆ ಕೈಯಿಟ್ಟರು.

"ಮಾಲೀಕ ಅಂದ್ರ ನನ್ನಂಗ ಇರಬೇಕ್ರಿ. ಹುಡುಗರ ಆಟದಾಗ ನಾ ಒಂದಿನಾನೂ ಕೈ ಹಾಕಿಲ್ಲ!"